ಹಕ್ಕೆಲ್ಲ ಬರ್ಕೊಟ್ ಮೇಲೂ ಹೆಸರು, ಮರ್ಯಾದೆ ನಮ್ಮ ಹತ್ರ ಉಳಿಯತ್ತಾ? (ಮಾರಲ್ ರೈಟ್ಸ್ ಬಗ್ಗೆ)

ಮುಂಗಾರು_ಕತೆ:
ಎಲ್ರಿಗೂ ನಮಸ್ಕಾರ. ಒಂದು ವೆಬ್ ಸೀರೀಸ್‌ಗೆ ಸ್ಕ್ರಿಪ್ಟ್ ಬರೀತಿದೀನಿ, ಅಗ್ರಿಮೆಂಟ್ ಡ್ರಾಫ್ಟ್ ಬಂದಿದೆ. ದುಡ್ಡಿನ ವಿಷಯದಲ್ಲಿ ನನಗೇನೂ ತಕರಾರಿಲ್ಲ. ಆದ್ರೆ ಒಳಗೆ ಒಂದು ಷರತ್ತಿದೆ, ಲೇಖಕರು ಪ್ರಪಂಚದ ಯಾವ ದೇಶದಲ್ಲೇ ಆಗ್ಲಿ ತಮಗಿರೋ ಎಲ್ಲ ಮಾರಲ್ ರೈಟ್ಸ್‌ನ ಶಾಶ್ವತವಾಗಿ ಬಿಟ್ಟುಕೊಡ್ತಾರೆ, ಬಿಟ್ಟುಕೊಡೋಕೆ ಕಾನೂನು ಒಪ್ಪದೇ ಇರೋ ದೇಶದಲ್ಲಿ ಆ ಹಕ್ಕನ್ನ ಯಾವತ್ತೂ ಚಲಾಯಿಸಲ್ಲ ಅಂತ ಒಪ್ಕೋತಾರೆ, ಅಂತ. ಕೇಳಿದ್ರೆ "ಅದು ಎಲ್ಲಾ ಅಗ್ರಿಮೆಂಟಲ್ಲೂ ಇರತ್ತೆ, ಸುಮ್ನೆ ಸೈನ್ ಮಾಡಿ" ಅಂತಾರೆ. ನನ್ನ ಹೆಸರೇ ಹಾಕದೇ ಇದ್ರೂ, ಕತೇನ ತಲೆಕೆಳಗು ಮಾಡಿ ನನ್ನ ಹೆಸರಲ್ಲೇ ಬಿಟ್ರೂ ನಾನು ಬಾಯಿ ಬಿಡೋ ಹಾಗಿಲ್ಲ ಅಂತಾನಾ ಇದರ ಅರ್ಥ? ಇದು ನಿಲ್ಲತ್ತಾ ಕಾನೂನಲ್ಲಿ? ತಿಳಿದೋರು ಹೇಳಿ ಪ್ಲೀಸ್.

ಕಾಯ್ದೆ_ಓದುಗ:
ಸೈನ್ ಮಾಡೋಕೆ ಮುಂಚೆ ಕೇಳಿದ್ದು ಒಳ್ಳೇದಾಯ್ತು ಮೇಡಂ. ಸ್ವಲ್ಪ ಉದ್ದ ಆಗತ್ತೆ, ಓದಿ.

ಕಾಪಿರೈಟಲ್ಲಿ ಎರಡು ಭಾಗ ಇದೆ. ಪ್ರಿಂಟ್ ಹಾಕೋದು, ಸಿನಿಮಾ ಮಾಡೋದು, ಅನುವಾದಕ್ಕೆ ಕೊಡೋದು, ಇವೆಲ್ಲ ದುಡ್ಡಿನ ಹಕ್ಕು, ಮಾರಬಹುದು. ಇನ್ನೊಂದು ಭಾಗ ಬರೆದವರಿಗೇ ಅಂಟ್ಕೊಂಡಿರೋದು, ಇದೇ ಮಾರಲ್ ರೈಟ್ಸ್, ಅಂದ್ರೆ ಇದು ನಾನು ಮಾಡಿದ್ದು ಅಂತ ಹೇಳ್ಕೊಳೋ ಹಕ್ಕು, ಮತ್ತೆ ನನ್ನ ಗೌರವಕ್ಕೋ ಹೆಸರಿಗೋ ಧಕ್ಕೆ ಬರೋ ಹಾಗೆ ಕೃತೀನ ತಿರುಚಿದ್ರೆ ಆಕ್ಷೇಪ ಮಾಡೋ ಹಕ್ಕು. ಕಾಪಿರೈಟ್ ಬಗ್ಗೆ ದೇಶಗಳು ಸೇರಿ ಮಾಡ್ಕೊಂಡಿರೋ ಬರ್ನ್ ಒಪ್ಪಂದಕ್ಕೆ 1928ರಲ್ಲಿ ರೋಮ್‌ನಲ್ಲಿ ತಿದ್ದುಪಡಿ ಆದಾಗ ಈ ಎರಡನ್ನೂ ಸೇರಿಸಿದ್ರು. ದುಡ್ಡಿನ ಹಕ್ಕು ಪೂರ್ತಿ ಮಾರಿದ ಮೇಲೂ ಇವು ಲೇಖಕನ ಹತ್ರಾನೇ ಇರತ್ತೆ ಅಂತ ಅಲ್ಲೇ ಬರೆದಿದೆ. ಭಾರತದಲ್ಲಿ 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 57 ಹೇಳೋದೂ ಇದನ್ನೇ.

ಆದ್ರೆ ಬಿಟ್ಟುಕೊಡಬಹುದಾ ಅನ್ನೋದಕ್ಕೆ ಒಂದೊಂದು ದೇಶ ಒಂದೊಂದು ಥರ ಉತ್ತರ ಕೊಡತ್ತೆ. ಫ್ರಾನ್ಸಲ್ಲಿ ಈ ಹಕ್ಕಿಗೆ ಕೊನೇನೇ ಇಲ್ಲ, ಮಾರೋ ಹಾಗಿಲ್ಲ, ಲೇಖಕ ಸತ್ತ ಮೇಲೆ ವಾರಸುದಾರರಿಗೆ ಹೋಗತ್ತೆ. ಜರ್ಮನೀಲಿ ಕಾಪಿರೈಟನ್ನೇ ಇನ್ನೊಬ್ರಿಗೆ ವರ್ಗಾಯಿಸೋಕಾಗಲ್ಲ, ಬಳಸೋಕೆ ಲೈಸೆನ್ಸ್ ಅಷ್ಟೇ ಕೊಡಬಹುದು, ಆದ್ರೆ ಎಲ್ಲಾ ಹಕ್ಕೂ ಲೇಖಕ ಸತ್ತು 70 ವರ್ಷಕ್ಕೆ ಒಟ್ಟಿಗೇ ಮುಗಿಯತ್ತೆ. ಇಂಗ್ಲೆಂಡಲ್ಲಿ 1988ರ ಕಾಯ್ದೆ ಪ್ರಕಾರ ಹೆಸರಿನ ಹಕ್ಕು ತಾನಾಗೇ ಬರಲ್ಲ, ಲೇಖಕರು ಅದನ್ನ ಕ್ಲೇಮ್ ಮಾಡಬೇಕು. ಇಂಗ್ಲೆಂಡಿನ ಪುಸ್ತಕಗಳ ಮೊದಲ ಪುಟಗಳಲ್ಲಿ ಲೇಖಕರು ತಮ್ಮ ಹಕ್ಕನ್ನ ಸ್ಥಾಪಿಸಿದ್ದಾರೆ ಅಂತ ಒಂದು ಸಾಲು ಇರತ್ತಲ್ಲ, ಅದು ಇದಕ್ಕೇ. ಮತ್ತೆ ಅಲ್ಲಿ ಒಂದು ಕಾಗದದ ಮೇಲೆ ಸೈನ್ ಹಾಕಿ ಎಲ್ಲಾನೂ ಬಿಟ್ಟುಬಿಡಬಹುದು. ಕೆನಡಾದಲ್ಲಿ ಮಾರೋಕಾಗಲ್ಲ, ಬಿಟ್ಟುಕೊಡಬಹುದು. ಜಪಾನಲ್ಲಿ ಈ ಹಕ್ಕು ಲೇಖಕರಿಗೆ ಮಾತ್ರ ಸೇರಿದ್ದು, ವರ್ಗಾವಣೆ ಸಾಧ್ಯಾನೇ ಇಲ್ಲ ಅಂತ ಕಾಯ್ದೆ ಹೇಳತ್ತೆ, ಅದಕ್ಕೇ ಅಲ್ಲಿನ ಕಾಂಟ್ರಾಕ್ಟುಗಳಲ್ಲಿ "ಚಲಾಯಿಸಲ್ಲ" ಅಂತ ಬರೆಸ್ಕೊಳೋ ಪದ್ಧತಿ ಬೆಳೀತು. ನಿಮ್ಮ ಡ್ರಾಫ್ಟಲ್ಲಿ ಎರಡನೇ ಭಾಗ ಇದೆಯಲ್ಲ, ಅದೇ ತಂತ್ರ.

ಭಾರತದ ಪರಿಸ್ಥಿತಿ ಬೇರೆ, ಅದನ್ನ ಕೆಳಗೆ ಬರೀತೀನಿ, ಸ್ವಲ್ಪ ಟೈಮ್ ಕೊಡಿ.

ಕುಂಚ_ಮಸಿ:
ನಾ ಪೇಂಟಿಂಗ್ ಮಾಡಾಂವ, ನಮ್ಮ ಕಡಿಂದ ಎರಡು ಮಾತ ಹೇಳ್ತೀನ್ರಿ. ಶಿಲ್ಪಿ ಅಮರನಾಥ್ ಸೆಹಗಲ್ ಅವರ ಕೇಸ್ ಓದ್ರಿ ಮೊದ್ಲ. ದಿಲ್ಲಿ ವಿಜ್ಞಾನ ಭವನದ ಗೋಡಿ ಮ್ಯಾಲೆ ಕಂಚಿನ ದೊಡ್ಡ ಮ್ಯೂರಲ್ ಮಾಡಿದ್ರು ಅವರು, ಸುಮಾರು 140 ಅಡಿ ಉದ್ದ, 40 ಅಡಿ ಎತ್ತರ. 1979ರಾಗ ಕಟ್ಟಡ ರಿಪೇರಿ ಅಂತ ಹೇಳಿ ಅದನ್ನ ಕಿತ್ತು ಗೋಡೌನಿಗೆ ಹಾಕಿದ್ರು, ಮಾಡಿದ ಮನಷ್ಯಾಗ ಒಂದ್ ಮಾತ್ ಕೇಳಲಿಲ್ಲ. ಕಾಪಿರೈಟ್ ನಮ್ಮದೈತಿ, ವಸ್ತು ನಮ್ಮದೈತಿ, ಏನರ ಮಾಡ್ತೀವಿ ಅನ್ನೋದು ಸರಕಾರದ ವಾದ. 2005ರಾಗ ದಿಲ್ಲಿ ಹೈಕೋರ್ಟು ಅದನ್ನ ಒಪ್ಪಲಿಲ್ಲ. ಹಕ್ಕು ನಿಮಗ ಬರಕೊಟ್ರೂ ಕಲಾವಿದನ ಮಾರಲ್ ರೈಟ್ ಅವನ ಕಡೇನ ಐತಿ, ಉಳದಿದ್ದನ್ನ ಅವರಿಗೆ ವಾಪಸ್ ಕೊಡ್ರಿ, ಮ್ಯಾಲೆ 5 ಲಕ್ಷ ರೂಪಾಯಿ ಪರಿಹಾರ ಕೊಡ್ರಿ ಅಂತು. 1979ಕ್ಕ ಕಿತ್ತಿದ್ದು, 2005ಕ್ಕ ತೀರ್ಪು. ಅಷ್ಟು ವರ್ಷ ಜಗಳಾಡಲಿಕ್ಕೆ ಎಷ್ಟ್ ಮಂದಿ ಕಲಾವಿದ್ರಿಗೆ ಆಕ್ಕೇತ್ರಿ?

ಬ್ಯಾರೆ ದೇಶದಾಗ ಸಣ್ಣ ವಿಷಯಕ್ಕೂ ಕೋರ್ಟ್ ಕಿವಿ ಕೊಟ್ಟಾವು. ಕೆನಡಾದ ಟೊರಾಂಟೊದ ಒಂದು ಶಾಪಿಂಗ್ ಮಾಲ್‌ನ್ಯಾಗ ಮೈಕೆಲ್ ಸ್ನೋ ಅವರ ಶಿಲ್ಪ ಐತಿ, ಮೇಲಿಂದ ತೂಗುಬಿಟ್ಟ 60 ಬಾತುಗಳು ಹಾರೂ ಹಂಗ. ಕ್ರಿಸ್ಮಸ್ ಅಂತ ಅವುಗಳ ಕೊಳ್ಳಿಗೆ ಕೆಂಪು ರಿಬ್ಬನ್ ಕಟ್ಟಿದ್ರು. ಸ್ನೋ ಕೋರ್ಟಿಗೆ ಹೋದ್ರು, 1982ರಾಗ ರಿಬ್ಬನ್ ತಗೀರಿ ಅಂತ ಆದೇಶ ಆತು. ರಿಬ್ಬನ್ನಿಗೆ ಯಾಕ ಇಷ್ಟು ಅನ್ನಬಹುದು ಯಾರರ. ಆದ್ರ ಆ ಬಾತುಗಳ ಸಾಲು, ಅವುಗಳ ಬಣ್ಣ, ನೆಳ್ಳು, ಎಲ್ಲಾ ಲೆಕ್ಕ ಹಾಕಿ ಮಾಡಿದಾಂವಗ ಅದು ರಿಬ್ಬನ್ ಅಷ್ಟ ಅಲ್ರಿ.

ಅಡಿಪಾಯ:
@ಕುಂಚ_ಮಸಿ ನಿಮ್ಮ ನೋವು ಅರ್ಥ ಆಗತ್ತೆ ಸರ್, ನಾನೂ ಡಿಸೈನ್ ಮಾಡೋನೇ, ಆರ್ಕಿಟೆಕ್ಟ್. ಆದ್ರೆ ಕಟ್ಟಡದ ವಿಷಯಕ್ಕೆ ಬಂದ್ರೆ ಇದು ಇಷ್ಟು ಸಲೀಸಲ್ಲ. ಕಟ್ಟಡದಲ್ಲಿ ಜನ ಇರ್ತಾರೆ, ಪೈಪ್ ಒಡೆಯತ್ತೆ, ಲಿಫ್ಟ್ ಹಾಕಬೇಕಾಗತ್ತೆ, ಫೈರ್ ಸೇಫ್ಟಿ ನಿಯಮ ಬದಲಾಗತ್ತೆ. ಪ್ರತಿಯೊಂದಕ್ಕೂ ಡಿಸೈನ್ ಮಾಡಿದವರ ಪರ್ಮಿಷನ್ ಬೇಕು ಅಂದ್ರೆ ಓನರ್ ಏನ್ಮಾಡಬೇಕು?

ದಿಲ್ಲಿ ಪ್ರಗತಿ ಮೈದಾನದಲ್ಲಿದ್ದ ಹಾಲ್ ಆಫ್ ನೇಷನ್ಸ್‌ನ 2017ರಲ್ಲಿ ಒಡೆದ್ರು. 1972ರ ಕಟ್ಟಡ, ರಾಜ್ ರೇವಾಲ್ ಡಿಸೈನ್. ಅವರು ಸೆಕ್ಷನ್ 57 ಹಿಡ್ಕೊಂಡು ಹೋದ್ರು, 2019ರಲ್ಲಿ ದಿಲ್ಲಿ ಹೈಕೋರ್ಟು ಕೇಸ್ ತಳ್ಳಿಹಾಕ್ತು. ಜಾಗದ ಮಾಲೀಕ ತನ್ನ ಕಟ್ಟಡ ಕೆಡವೋದನ್ನ ಆರ್ಕಿಟೆಕ್ಟ್ ತಡೆಯೋಕಾಗಲ್ಲ, ಪೂರ್ತಿ ಇಲ್ಲವಾಗಿದ್ದನ್ನ ಯಾರೂ ನೋಡೋದೇ ಇಲ್ಲ, ನೋಡದೇ ಇದ್ದ ಮೇಲೆ ಅದರಿಂದ ಹೆಸರು ಕೆಡೋದು ಹೇಗೆ ಅನ್ನೋದು ತರ್ಕ. ನನಗೆ ಆ ಕಟ್ಟಡ ಹೋಗಿದ್ದು ಬಹಳ ಬೇಜಾರು. ಆದ್ರೆ ಕಾನೂನಿನ ದೃಷ್ಟಿಯಿಂದ ತೀರ್ಪು ಸರಿ ಅಂತಾನೇ ಹೇಳ್ತೀನಿ.

ಬರ್ಲಿನ್ ಮುಖ್ಯ ರೈಲ್ವೆ ಸ್ಟೇಷನ್ ಕೇಸ್ ಇನ್ನೊಂದು. ಆರ್ಕಿಟೆಕ್ಟ್ ಫಾನ್ ಗೆರ್ಕನ್ ಕೆಳ ಅಂತಸ್ತಿಗೆ ಕಮಾನಿನ ಥರ ಸೀಲಿಂಗ್ ಹಾಕಿದ್ರು ಡ್ರಾಯಿಂಗಲ್ಲಿ, ರೈಲ್ವೆಯವರು ಚಪ್ಪಟೆ ಸೀಲಿಂಗ್ ಹಾಕಿಬಿಟ್ರು. 2006ರಲ್ಲಿ ಅಲ್ಲಿನ ಕೋರ್ಟು ಆರ್ಕಿಟೆಕ್ಟ್ ಪರ ತೀರ್ಪು ಕೊಡ್ತು. ಕೊನೆಗೆ ರಾಜಿ ಆಯ್ತು, ಸೀಲಿಂಗ್ ಹಾಗೇ ಉಳೀತು. ದಿನಾ ಅಷ್ಟೊಂದು ಜನ ಓಡಾಡೋ ಸ್ಟೇಷನ್ನು, ಸೀಲಿಂಗ್ ಕಿತ್ತು ಮತ್ತೆ ಕಟ್ಟೋದು ಪ್ರಾಕ್ಟಿಕಲ್ ಅಲ್ಲ.

ಕುಂಚ_ಮಸಿ:
ಅಲ್ರಿ, ಸೆಹಗಲ್ ಅವರದು, ಹಾಲ್ ಆಫ್ ನೇಷನ್ಸಿಂದು, ಈ ಎರಡೂ ತೀರ್ಪು ಒಂದರ ಪಕ್ಕ ಒಂದಿಟ್ಟು ನೋಡ್ರಿ. ಅರ್ಧ ಮುರದ್ರ ತಪ್ಪು, ಪೂರ್ತಿ ಮುರದ್ರ ತಪ್ಪಲ್ಲ ಅಂದ್ರ ಮುರಿಯೂ ಮಂದಿಗೆ ನಾವ ಏನ್ ಹೇಳಿಕೊಟ್ಟಂಗಾತು? ಪೂರ್ತಿ ಮುರದ ಬಿಡ್ರಿ ಅಂತ. ಸೆಹಗಲ್ ತೀರ್ಪಿನ್ಯಾಗ ಅದ ಕೋರ್ಟು, ಕೃತಿ ನಾಶ ಮಾಡೋದು ವಿರೂಪ ಮಾಡೋದರ ಕಡೀ ಹಂತ ಅಂತ ಹೇಳಿತ್ತು. ಜರ್ಮನಿಯ ಸುಪ್ರೀಂ ಕೋರ್ಟು 2019ರಾಗ ಮ್ಯೂಸಿಯಮ್ ಒಳಗಿನ ಕಲಾಕೃತಿ ಕೇಸಿನ್ಯಾಗ, ನಾಶ ಮಾಡೋದೂ ಹಕ್ಕಿಗೆ ಧಕ್ಕೆನ, ಆದ್ರ ಮಾಲೀಕನ ಅಗತ್ಯಾನೂ ಕಲಾವಿದನ ಹಿತಾನೂ ತೂಗಿ ನೋಡಬೇಕು ಅಂತು. ಕಟ್ಟಡದ ವಿಷಯದಾಗ ಬಹಳ ಸಲ ಮಾಲೀಕನ ಕಡೆಗೇ ತೂಕ ಬೀಳತೈತಿ, ಬೀಳ್ಲಿ, ನಂದೇನೂ ತಕರಾರಿಲ್ಲ. ತೂಗಿ ನೋಡಾಕರ ಬೇಕಲ್ರಿ. ಒಂದ್ ನೋಟಿಸ್ ಕೊಡ್ರಿ, ಫೋಟೋ ತಗೊಳ್ಳಾಕ ಬಿಡ್ರಿ, ಬಿಚ್ಚಿ ಒಯ್ಯಾಕ ಆದ್ರ ಒಯ್ಯಾಕ ಬಿಡ್ರಿ.

ಅಮೆರಿಕಾದಾಗ ನೋಡ್ರಿ, ದುಡ್ಡಿನ ದೇಶ ಅಂತೀವಿ. ಬರ್ನ್ ಒಪ್ಪಂದಕ್ಕ ಅವರು ಸೇರಿದ್ದ 1989ಕ್ಕ, 1990ಕ್ಕ ದೃಶ್ಯ ಕಲಾವಿದರ ಹಕ್ಕಿನ ಕಾಯ್ದೆ ತಂದ್ರು, ವಾರಾ ಅಂತಾರ. ನ್ಯೂಯಾರ್ಕಿನ ಫೈವ್ ಪಾಯಿಂಟ್ಜ್ ಅನ್ನೂ ಹಳೇ ಫ್ಯಾಕ್ಟರಿ ಗೋಡಿ ತುಂಬ ಗ್ರಾಫಿಟಿ ಇದ್ವು, ಮಾಲೀಕನ ಅನುಮತಿಲೇ ಬರದಿದ್ದು. 2013ರಾಗ ರಾತ್ರೋರಾತ್ರಿ ಸುಣ್ಣ ಬಳದು ಬಿಟ್ಟಾ ಮಾಲೀಕ. ನೋಟಿಸ್ ಇಲ್ಲ, ಏನಿಲ್ಲ. 2018ರಾಗ ಕೋರ್ಟು 21 ಕಲಾವಿದರ 45 ಕೃತಿಗೆ ಒಟ್ಟು 67.5 ಲಕ್ಷ ಡಾಲರ್ ಕೊಡು ಅಂತು, 2020ರಾಗ ಅಪೀಲಿನ್ಯಾಗೂ ಅದ ಉಳೀತು. ಕಟ್ಟಡ ಕೆಡವಬ್ಯಾಡ ಅಂತ ಕೋರ್ಟೇನ ಅಂದಿರಲಿಲ್ರಿ. ಕಲಾವಿದರಿಗೆ ಅವಕಾಶ ಕೊಡದ ಅವಸರ ಮಾಡಿದ್ದಕ್ಕ ಬಿದ್ದ ದಂಡ ಅದು.

ಕಾಯ್ದೆ_ಓದುಗ:
ಒಂದು ಸೇರಿಸ್ತೀನಿ, ವಾರಾ ಬಗ್ಗೆ ತುಂಬಾ ಆಸೆ ಇಟ್ಕೋಬೇಡಿ. ಪೇಂಟಿಂಗ್, ಶಿಲ್ಪ, ಪ್ರದರ್ಶನಕ್ಕೆ ತೆಗೆದ ಫೋಟೋ ಇಂಥವಕ್ಕೆ ಮಾತ್ರ, ಪ್ರತಿಗಳಿದ್ರೆ ಸಹಿ, ನಂಬರ್ ಹಾಕಿರೋ 200ರ ಒಳಗಿನವು. ಕಾದಂಬರಿ, ಸಿನಿಮಾ, ಹಾಡು ಏನೂ ಬರಲ್ಲ. ಸೈನ್ ಹಾಕಿ ಬಿಟ್ಟೂಕೊಡಬಹುದು. ವರ್ಮಾಂಟ್‌ನ ಒಂದು ಲಾ ಸ್ಕೂಲಲ್ಲಿ ಗುಲಾಮಗಿರಿ ಬಗ್ಗೆ ಬರೆದಿದ್ದ ಮ್ಯೂರಲ್‌ಗಳನ್ನ ಪ್ಯಾನೆಲ್ ಹಾಕಿ ಶಾಶ್ವತವಾಗಿ ಮುಚ್ಚಿದ್ರು. ಮುಚ್ಚೋದು ನಾಶಾನೂ ಅಲ್ಲ ತಿರುಚೋದೂ ಅಲ್ಲ ಅಂತ 2023ರಲ್ಲಿ ಅಪೀಲು ಕೋರ್ಟು ಹೇಳ್ತು. ಭಾರತದಲ್ಲೂ ಕೃತಿ ಪ್ರದರ್ಶಿಸದೇ ಇದ್ರೆ, ಅಥವಾ ಲೇಖಕರಿಗೆ ತೃಪ್ತಿ ಆಗೋ ಹಾಗೆ ಪ್ರದರ್ಶಿಸದೇ ಇದ್ರೆ ಅದು ಉಲ್ಲಂಘನೆ ಅಲ್ಲ ಅಂತ ಸೆಕ್ಷನ್ 57ಕ್ಕೆ ವಿವರಣೆ ಇದೆ.

ಎಡಿಟ್_ಟೇಬಲ್:
ಸಿನಿಮಾ ಕಡೆಯಿಂದ ನಾನೊಂದು ಹೇಳ್ತೀನಿ, ಎಲ್ಲರೂ ಬೈದ್ರೂ ಪರ್ವಾಗಿಲ್ಲ. ಒಂದು ಸಿನಿಮಾದಲ್ಲಿ ರೈಟರ್, ಡೈರೆಕ್ಟರ್, ಕ್ಯಾಮೆರಾಮನ್, ಮ್ಯೂಸಿಕ್, ನಟರು, ಎಲ್ಲರಿಗೂ ನನ್ನ ಕೆಲಸ ಮುಟ್ಟಬೇಡಿ ಅನ್ನೋ ಹಕ್ಕು ಕೊಟ್ರೆ ಸಿನಿಮಾ ರಿಲೀಸೇ ಆಗಲ್ಲ. ನಾನು ಎಡಿಟಿಂಗಲ್ಲಿ ಕೂತಾಗ ದಿನಾ ಯಾರದ್ದೋ ಒಳ್ಳೇ ಸೀನ್ ಕಟ್ ಆಗತ್ತೆ, ಕತೆಗೆ ಬೇಡ ಅಂತ. ಅದರಿಂದ ಯಾರ ಗೌರವಾನೂ ಹೋಗಲ್ಲ. ಪ್ರೊಡ್ಯೂಸರ್ ದುಡ್ಡು ಹಾಕಿರ್ತಾರೆ, ಬೇರೆ ಬೇರೆ ದೇಶದಲ್ಲಿ ಸೆನ್ಸಾರ್ ಬೇರೆ, ಫ್ಲೈಟಲ್ಲಿ ತೋರಿಸೋ ವರ್ಷನ್ ಬೇರೆ. ವೇವರ್ (ಹಕ್ಕು ಬಿಟ್ಟುಕೊಡೋ ಷರತ್ತು) ಇಲ್ದೇ ಇದ್ರೆ ಪ್ಲಾಟ್‌ಫಾರ್ಮ್ ನವರು ಕೊಳ್ಳೋದೇ ಇಲ್ಲ, ಅದು ನಿಜ.

ಇನ್ನು ಫ್ರಾನ್ಸ್ ಥರ ಕೊನೆ ಇಲ್ಲದ ಹಕ್ಕು ವಾರಸುದಾರರ ಕೈಗೆ ಹೋದ್ರೆ ಏನಾಗತ್ತೆ ನೋಡಿ. ವಿಕ್ಟರ್ ಹ್ಯೂಗೋ ಅವರ ಲೆ ಮಿಸೆರಾಬ್ಲ್ ಕಾದಂಬರಿಗೆ 2001ರಲ್ಲಿ ಒಬ್ಬರು ಮುಂದುವರಿದ ಭಾಗ ಬರೆದ್ರು ಅಂತ ಹ್ಯೂಗೋ ವಂಶದವರೊಬ್ಬರು ಕೇಸ್ ಹಾಕಿದ್ರು, ಹ್ಯೂಗೋ ತೀರ್ಕೊಂಡಿದ್ದು 1885ರಲ್ಲಿ! ಕೆಳಗಿನ ಕೋರ್ಟು ವಂಶದವರ ಪರ ಹೋಗಿತ್ತು, 2007ರಲ್ಲಿ ಅಲ್ಲಿನ ಅತ್ಯುನ್ನತ ಕೋರ್ಟು ಅದನ್ನ ರದ್ದು ಮಾಡ್ತು, ಮುಂದಿನ ಭಾಗ ಬರೆಯೋ ಸ್ವಾತಂತ್ರ್ಯ ಇದೆ ಅಂತ. ಅಲ್ಲಿವರೆಗೆ ಆ ಲೇಖಕ ಎಷ್ಟು ಒದ್ದಾಡಿರಬೇಕು.

ತಾರಸ್ಥಾಯಿ:
ಎಡಿಟ್ ಅವರೇ, ಎಡಿಟಿಂಗ್ ಬಗ್ಗೆ ಹೆದರ್ಕೋಬೇಡಿ, ಕಾಯ್ದೆ ಅದನ್ನ ಯೋಚನೆ ಮಾಡಿದೆ. ನಾನು ಹಾಡೋಳು, ಡಬ್ಬಿಂಗೂ ಮಾಡ್ತೀನಿ, ನಮಗೆ ಈ ಹಕ್ಕು ಬಂದಿದ್ದೇ ಬಹಳ ತಡವಾಗಿ, ಅದಕ್ಕೇ ನನಗೆ ಈ ವಿಷಯ ಹೃದಯಕ್ಕೆ ಹತ್ರ.

ಬರ್ನ್‌ನಲ್ಲಿ 1928ಕ್ಕೇ ಲೇಖಕರಿಗೆ ಸಿಕ್ಕಿದ್ದು ಹಾಡೋರಿಗೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಸಿಕ್ಕಿದ್ದು 1996ರ ಡಬ್ಲ್ಯುಪಿಪಿಟಿ (ಪ್ರದರ್ಶಕರು, ಧ್ವನಿಮುದ್ರಣಗಳ ಬಗೆಗಿನ) ಒಪ್ಪಂದದಲ್ಲಿ, ಅದೂ ಧ್ವನಿಗೆ ಮಾತ್ರ. ತೆರೆ ಮೇಲೆ ಕಾಣೋ ನಟರು, ಡ್ಯಾನ್ಸರ್‌ಗಳಿಗೆ 2012ರಲ್ಲಿ ಬೀಜಿಂಗ್ ಒಪ್ಪಂದ ಆಯ್ತು, ಜಾರಿಗೆ ಬಂದಿದ್ದು 2020ರ ಏಪ್ರಿಲ್‌ನಲ್ಲಿ. ಜಪಾನ್ 2002ರಲ್ಲೇ ಕಾಯ್ದೆ ತಿದ್ದಿತ್ತು, ಇಂಗ್ಲೆಂಡ್ 2006, ಆಸ್ಟ್ರೇಲಿಯಾದಲ್ಲಿ ಜಾರಿಗೆ ಬಂದಿದ್ದು 2007. ಭಾರತದಲ್ಲಿ 2012ರ ತಿದ್ದುಪಡೀಲಿ ಸೆಕ್ಷನ್ 38ಬಿ ಬಂತು. ಹಾಡಿದ್ದು, ನಟಿಸಿದ್ದು ನಾನು ಅಂತ ಗುರುತಿಸಿ ಅನ್ನೋ ಹಕ್ಕು, ಹೆಸರಿಗೆ ಧಕ್ಕೆ ಬರೋ ಹಾಗೆ ತಿರುಚಿದ್ರೆ ತಡೆಯೋ ಹಕ್ಕು, ಎರಡೂ ಇದೆ. ಅದರಲ್ಲೇ, ಎಡಿಟಿಂಗ್‌ಗೋಸ್ಕರ ಅಥವಾ ಸಮಯದ ಮಿತಿಗೋಸ್ಕರ ಒಂದು ಭಾಗ ತೆಗೆದ್ರೆ ಅಷ್ಟರಿಂದಲೇ ಧಕ್ಕೆ ಆಯ್ತು ಅಂತ ಆಗಲ್ಲ ಅಂತಾನೂ ಬರೆದಿದೆ. ಸೀನ್ ಕಟ್ ಮಾಡೋ ನಿಮ್ಮ ಕೆಲಸಕ್ಕೆ ಏನೂ ತೊಂದರೆ ಇಲ್ಲ. ಇನ್ನೊಂದು ನನಗೆ ತುಂಬಾ ಇಷ್ಟವಾದ ಅಂಶ, ಸಿನಿಮಾದಲ್ಲಿ ಹೆಸರೇ ಹಾಕದ ಸಣ್ಣ ಪಾತ್ರದವರು ಬೇರೆ ವಿಷಯಕ್ಕೆಲ್ಲ ಕಾಯ್ದೆ ಪ್ರಕಾರ ಪ್ರದರ್ಶಕರು ಅನ್ನಿಸ್ಕೊಳಲ್ಲ, ಆದ್ರೆ ತಿರುಚೋದರ ವಿರುದ್ಧದ ಹಕ್ಕು ಅವರಿಗೂ ಇದೆ. ಎಕ್ಸ್‌ಟ್ರಾ ಅಂತ ಕರೆಸ್ಕೊಳೋರ ಮುಖಾನೂ ಹೇಗೆ ಬೇಕೋ ಹಾಗೆ ಬಳಸೋ ಹಾಗಿಲ್ಲ.

ಈಗ ಎಐ ಬಂದ ಮೇಲೆ ಇದು ಬರೀ ಪುಸ್ತಕದ ವಿಷಯ ಆಗಿ ಉಳಿದಿಲ್ಲ. ಅರಿಜಿತ್ ಸಿಂಗ್ ಅವರ ದನಿ ಹೋಲೋ ಹಾಗೆ ಹಾಡು ತಯಾರು ಮಾಡೋ ಟೂಲುಗಳ ವಿರುದ್ಧ 2024ರಲ್ಲಿ ಬಾಂಬೆ ಹೈಕೋರ್ಟು ಮಧ್ಯಂತರ ತಡೆ ಕೊಡ್ತು, ಅಲ್ಲಿ 38ಬಿ ಕೂಡ ಮಾತಿಗೆ ಬಂತು. ಅವರು ದೊಡ್ಡ ಹೆಸರು, ಕೋರ್ಟಿಗೆ ಹೋಗಬಲ್ಲರು. ನನ್ನಂಥ ಡಬ್ಬಿಂಗ್‌ನವರು ಒಂದು ಸಿನಿಮಾಗೆ ಕೊಟ್ಟ ದನಿ ಯಾವುದೋ ಜಾಹೀರಾತಿನಲ್ಲಿ, ನಾವು ಯಾವತ್ತೂ ಹೇಳದ ಮಾತು ಹೇಳ್ತಾ ಇದ್ರೆ, ವೇವರ್‌ಗೆ ಮುಂಚೇನೇ ಸೈನ್ ಹಾಕಿದ್ರೆ, ಯಾರ ಹತ್ರ ಹೋಗೋದು?

ಮುಂಗಾರು_ಕತೆ:
ಅಯ್ಯೋ ಎಷ್ಟೊಂದು ವಿಷಯ, ಎಲ್ರಿಗೂ ಥ್ಯಾಂಕ್ಸ್. ತಾರಸ್ಥಾಯಿ ಮೇಡಂ ಕೊನೆಯ ಪ್ರಶ್ನೆ ನನ್ನದೂ ಹೌದು. ಕತೆಯ ಕ್ಲೈಮ್ಯಾಕ್ಸನ್ನ ಮುಂದೆ ಯಾವತ್ತೋ ಎಐ ಹಾಕಿ ಬದಲಾಯಿಸಿದ್ರೆ?

ಕಾಯ್ದೆ_ಓದುಗ:
ಅದು ಆಗ್ಲೇ ಆಗಿದೆ. 2013ರ ರಾಂಝಣಾ ಸಿನಿಮಾದ ತಮಿಳು ಅವತರಣಿಕೆ 2025ರ ಆಗಸ್ಟ್‌ನಲ್ಲಿ ಮತ್ತೆ ಬಿಡುಗಡೆ ಆದಾಗ ದುರಂತದ ಕೊನೆಯನ್ನ ಎಐ ಬಳಸಿ ಸುಖಾಂತ ಮಾಡಿದ್ರು. ಡೈರೆಕ್ಟರ್ ಆನಂದ್ ಎಲ್ ರಾಯ್, ನಾಯಕ ಧನುಷ್ ಇಬ್ಬರೂ ಬಹಿರಂಗವಾಗಿ ವಿರೋಧಿಸಿದ್ರು.

ಇಲ್ಲಿ ಭಾರತದ ಕಾಯ್ದೆಯ ದೊಡ್ಡ ತೂತು ಕಾಣತ್ತೆ. ಸಿನಿಮಾದ ಲೇಖಕ ಅಂದ್ರೆ ನಮ್ಮ ಕಾಯ್ದೆ ಪ್ರಕಾರ ಪ್ರೊಡ್ಯೂಸರ್. ಡೈರೆಕ್ಟರ್ ಅಲ್ಲ. ಸಿನಿಮಾ ಅನ್ನೋ ಕೃತಿ ಮೇಲೆ ಸೆಕ್ಷನ್ 57 ಡೈರೆಕ್ಟರಿಗೆ ಸಿಗೋದೇ ಕಷ್ಟ. ನಟನಿಗೆ 38ಬಿ ಇದೆ, ಸ್ಕ್ರಿಪ್ಟ್ ಬರೆದವರಿಗೆ ತಮ್ಮ ಸ್ಕ್ರಿಪ್ಟ್ ಮೇಲೆ 57 ಇದೆ, ನಡುವೆ ಡೈರೆಕ್ಟರ್ ಬರಿಗೈಲಿ ನಿಂತಿರ್ತಾರೆ. ಫ್ರಾನ್ಸಲ್ಲಿ ಹಾಗಲ್ಲ. ಜಾನ್ ಹ್ಯೂಸ್ಟನ್ 1950ರಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆದ ಒಂದು ಅಮೆರಿಕನ್ ಸಿನಿಮಾಕ್ಕೆ ಬಣ್ಣ ಹಚ್ಚಿ ಫ್ರೆಂಚ್ ಟೀವೀಲಿ ಹಾಕೋಕೆ ಹೊರಟಾಗ ಅವರ ಮಕ್ಕಳೂ, ಜೊತೆಗೆ ಬರೆದವರೂ ಕೇಸ್ ಹಾಕಿದ್ರು. ಅಮೆರಿಕದ ಕಾನೂನಲ್ಲಿ ಹಕ್ಕೆಲ್ಲ ಸ್ಟುಡಿಯೋದ್ದು. 1991ರಲ್ಲಿ ಫ್ರಾನ್ಸಿನ ಅತ್ಯುನ್ನತ ಕೋರ್ಟು, ಸಿನಿಮಾ ಎಲ್ಲೇ ತಯಾರಾಗಿರಲಿ, ಸೃಷ್ಟಿಸಿದವರಿಗೆ ನಮ್ಮ ನೆಲದಲ್ಲಿ ಮಾರಲ್ ರೈಟ್ ಇದ್ದೇ ಇದೆ ಅಂತು. ಅದಕ್ಕೇ ನಿಮ್ಮ ಡ್ರಾಫ್ಟಲ್ಲಿ "ಯಾವ ದೇಶದಲ್ಲೇ ಆಗ್ಲಿ" ಅಂತ ಬರೆದಿರೋದು ಮೇಡಂ. ಆದ್ರೆ ಅಂಥ ಸಾಲು ಬರೆದ ಮಾತ್ರಕ್ಕೆ ಫ್ರಾನ್ಸಲ್ಲಿ ಹಕ್ಕು ಹೋಗಲ್ಲ.

ಇನ್ನು ಭಾರತದಲ್ಲಿ ವೇವರ್. ಸೆಕ್ಷನ್ 57ರಲ್ಲಿ ಬಿಟ್ಟುಕೊಡಬಹುದು ಅಂತಾನೂ ಇಲ್ಲ, ಬಿಟ್ಟುಕೊಡಬಾರದು ಅಂತಾನೂ ಇಲ್ಲ. ಮನ್ನು ಭಂಡಾರಿ ಅವರು ತಮ್ಮ ಕಾದಂಬರಿಯಿಂದ ಮಾಡಿದ ಸಿನಿಮಾ ವಿರುದ್ಧ ಹೋದ ಕೇಸಲ್ಲಿ 1986ರಲ್ಲೇ ದಿಲ್ಲಿ ಹೈಕೋರ್ಟು, ಹಕ್ಕು ಬರೆಸ್ಕೊಂಡ ಒಪ್ಪಂದಾನ ಸೆಕ್ಷನ್ 57ಕ್ಕೆ ಒಳಪಟ್ಟೇ ಓದಬೇಕು, ಬರೆಸ್ಕೊಂಡಿದೀವಿ ಅಂತ ಕೃತಿ ತಿರುಚೋಕಾಗಲ್ಲ ಅಂತ ಹೇಳಿತ್ತು. ಇದು ನಿಮಗೆ ಬಲ. ಆದ್ರೆ ನನಗೆ ಕೋಪ ಬರೋ ವಿಷಯ ಬೇರೆ ಇದೆ. 2012ರ ತಿದ್ದುಪಡೀಲಿ, ಸಿನಿಮಾದಲ್ಲಿ ಸೇರಿದ ಸಾಹಿತ್ಯ, ಸಂಗೀತ ಕೃತಿಗಳ ಲೇಖಕರು ಥಿಯೇಟರ್ ಹೊರಗಿನ ಬಳಕೆಗೆ ರಾಯಲ್ಟೀಲಿ ಸಮಪಾಲು ಪಡೆಯೋ ಹಕ್ಕನ್ನ ಬಿಟ್ಟುಕೊಡೋಕೇ ಆಗಲ್ಲ, ಬಿಟ್ಟುಕೊಟ್ಟ ಒಪ್ಪಂದ ಶೂನ್ಯ ಅಂತ ಸೆಕ್ಷನ್ 18ರಲ್ಲಿ ಸ್ಪಷ್ಟವಾಗಿ ಬರೆದ್ರು. ಯಾಕೆ? ಸೈನ್ ಹಾಕೋರಿಗೆ ಎದುರು ಮಾತಾಡೋ ಶಕ್ತಿ ಇಲ್ಲ ಅಂತ ಸಂಸತ್ತಿಗೆ ಗೊತ್ತಿತ್ತು. ಅದೇ ತಿದ್ದುಪಡೀಲಿ 57ನ್ನೂ ಮುಟ್ಟಿದ್ರು, ಕಾಪಿರೈಟ್ ಅವಧಿ ಮುಗಿಯೋವರೆಗೆ ಅನ್ನೋ ಮಿತಿ ತೆಗೆದ್ರು, 38ಬಿ ಹೊಸದಾಗಿ ತಂದ್ರು. ಹೆಸರನ್ನ, ಗೌರವಾನ ಬಿಟ್ಟುಕೊಡೋ ಒಪ್ಪಂದಾನೂ ಶೂನ್ಯ ಅಂತ ಒಂದು ಸಾಲು ಸೇರಿಸೋಕೆ ಏನಾಗಿತ್ತು? ದುಡ್ಡಿಗೆ ಕೊಟ್ಟ ಕಾವಲು ಹೆಸರಿಗೆ ಕೊಡಲಿಲ್ಲ. ಈ ಒಂದು ತಿದ್ದುಪಡಿ ಆಗ್ಲೇಬೇಕು, ಲೇಖಕರ ಸಂಘಗಳು, ಹಾಡುಗಾರರ ಸಂಘಗಳು ಇದನ್ನೇ ಕೇಳಬೇಕು ಅಂತ ನಾನು ಎಲ್ಲಾ ಕಡೆ ಹೇಳ್ತಾನೇ ಇರ್ತೀನಿ.

ಎಡಿಟ್_ಟೇಬಲ್:
ಪೂರ್ತಿ ನಿಷೇಧ ಮಾಡಿದ್ರೆ ಕೆಲಸ ನಡೆಯಲ್ಲ ಸರ್. ಇಂಥಿಂಥ ಬದಲಾವಣೆಗೆ ಒಪ್ಪಿಗೆ ಇದೆ ಅಂತ ಪಟ್ಟಿ ಮಾಡಿ ಬರೆಸ್ಕೊಳೋದು ಬೇರೆ, ಎಲ್ಲಾನೂ ಶಾಶ್ವತವಾಗಿ ಬಿಟ್ಟೆ ಅಂತ ಬರೆಸ್ಕೊಳೋದು ಬೇರೆ. ಮೊದಲನೇದಕ್ಕೆ ಅವಕಾಶ ಇರಲಿ. ಎರಡನೇದು ಶೂನ್ಯ ಅಂದ್ರೆ ನನ್ನ ವಿರೋಧ ಇಲ್ಲ. ಎಐ ಕ್ಲೈಮ್ಯಾಕ್ಸ್ ವಿಷಯದಲ್ಲಂತೂ ನಾನು ನಿಮ್ಮ ಕಡೆ, ಅದು ಎಡಿಟಿಂಗ್ ಅಲ್ಲ.

ಕುಂಚ_ಮಸಿ:
ಹಂಗ ಬರ್ರಿ ದಾರಿಗೆ 🙏

ಮುಂಗಾರು_ಕತೆ:
ಹಾಗಾದ್ರೆ ನಾನು ಅವರಿಗೆ ವಾಪಸ್ ಏನಂತ ಬರೀಲಿ? ಪ್ರಾಜೆಕ್ಟ್ ಕೈ ತಪ್ಪೋದೂ ಬೇಡ.

ಕಾಯ್ದೆ_ಓದುಗ:
ಆ ಷರತ್ತು ಪೂರ್ತಿ ತೆಗೀರಿ ಅಂತ ಹೋಗಬೇಡಿ, ಬದಲಿ ಷರತ್ತು ನೀವೇ ಬರೆದು ಕಳಿಸಿ. ಎಡಿಟರ್ ಸರ್ ಹೇಳಿದ ಹಾಗೆ, ಉದ್ದ ಕಡಿಮೆ ಮಾಡೋದು, ಸೆನ್ಸಾರ್ ಕಟ್, ಡಬ್ಬಿಂಗ್, ಸಬ್‌ಟೈಟಲ್, ಚಿತ್ರೀಕರಣದ ಅನುಕೂಲಕ್ಕೆ ಮಾಡೋ ಬದಲಾವಣೆ, ಇವಕ್ಕೆ ನನ್ನ ಒಪ್ಪಿಗೆ ಇದೆ ಅನ್ನಿ. ಕತೆಯ ಕೊನೆ, ಮುಖ್ಯ ಪಾತ್ರಗಳ ಸ್ವಭಾವ ಬದಲಾಯಿಸೋದಾದ್ರೆ ಮುಂಚೆ ಲಿಖಿತವಾಗಿ ತಿಳಿಸಬೇಕು, ನನಗೆ ಒಪ್ಪಿಗೆ ಆಗದಿದ್ರೆ ಟೈಟಲ್ಲಿಂದ ನನ್ನ ಹೆಸರು ತೆಗೆಸೋ ಹಕ್ಕು ಇರಬೇಕು, ಹೆಸರು ತೆಗೆದ್ರೂ ಪೂರ್ತಿ ದುಡ್ಡು ಬರಬೇಕು. ಕ್ರೆಡಿಟ್ ಎಲ್ಲಿ, ಯಾವ ಸೈಜಲ್ಲಿ, ಪೋಸ್ಟರಲ್ಲೂ ಬೇಕಾ ಅನ್ನೋದನ್ನ ಬೇರೆ ಷರತ್ತಾಗಿ ಹಾಕಿ. ಎಐ ಬಗ್ಗೆ ಪ್ರತ್ಯೇಕ ಸಾಲು ಬರೀರಿ, ಬಿಡುಗಡೆ ಆದ ಮೇಲೆ ಕೃತಿಯನ್ನ ಹೊಸದಾಗಿ ತಯಾರಿಸಿದ ದೃಶ್ಯದಿಂದ ಬದಲಾಯಿಸೋದಕ್ಕೆ ಹೊಸ ಒಪ್ಪಿಗೆ ಬೇಕು ಅಂತ. ಸೈನ್ ಹಾಕೋಕೆ ಮುಂಚೆ ಕಾಪಿರೈಟ್ ನೋಡೋ ಲಾಯರ್ ಒಬ್ಬರಿಗೆ ಪೂರ್ತಿ ಡ್ರಾಫ್ಟ್ ತೋರಿಸಿ, ಬರೀ ಈ ಪುಟ ಅಲ್ಲ, ಯಾಕಂದ್ರೆ ಇದೇ ವೇವರ್ ಕೆಲವು ಸಲ ಡೆಫಿನಿಷನ್ ಪುಟದಲ್ಲೂ ಇನ್ನೊಂದು ಸಲ ಕೂತಿರತ್ತೆ.

ತಾರಸ್ಥಾಯಿ:
ಇದನ್ನೇ ಹಾಡೋರಿಗೆ, ಡಬ್ಬಿಂಗ್‌ನವರಿಗೆ ಹೊಂದೋ ಹಾಗೆ ಒಂದು ಮಾದರಿ ಬರೆದು ಕೊಡ್ತೀರಾ ಸರ್? ದನಿಯನ್ನ ಎಐ ಟ್ರೈನಿಂಗ್‌ಗೆ ಬಳಸೋ ಹಾಗಿಲ್ಲ ಅನ್ನೋದು ಸೇರಿಸಿ. ನಮ್ಮ ಗ್ರೂಪಲ್ಲಿ ಹಂಚ್ತೀನಿ, ಈ ತಿಂಗಳೇ ಸೈನ್ ಹಾಕಬೇಕಾದೋರು ಇದಾರೆ.

ಕಾಯ್ದೆ_ಓದುಗ:
ಖಂಡಿತ ಮೇಡಂ, ಭಾನುವಾರದೊಳಗೆ ಇಲ್ಲೇ ಹಾಕ್ತೀನಿ.